ಹಚ್ಚೆಯೂ ಒಪ್ಪಿಗೆಯೂ

'ಹಚ್ಚೆ' ಎಂಬ ನಮ್ಮ ಮಾತು ಹಸುರಿನಿಂದ ಹುಟ್ಟಿದುದು. ಹಳಗನ್ನಡದ ಪಕಾರ ಹಕಾರವಾದಾಗ 'ಪಚ್ಚೆ' ಎಂಬುದು 'ಹಚ್ಚೆ'ಯಾಯಿತು. ತಮಿಳರು ಇಂದಿಗೂ 'ಪಚ್ಚೈ' ಚುಚ್ಚಿಸಿಕೊಳ್ಳುತ್ತಾರೆ. ತೆಲುಗರು ಅದನ್ನು 'ಪಚ್ಚಬೊಟ್ಟು' ಎನ್ನುತ್ತಾರೆ. ಸೂಜಿಯ ಮೊನೆಗೆ ಹತ್ತಿಸುವ ಮಸಿಯೇನೋ ಕಪ್ಪು. ಆದರೆ ಅದು ಚರ್ಮದೊಳಕ್ಕೆ ಇಳಿದ ಮೇಲೆ, ಅಲ್ಲಿ ಬೆಳಕು ಚದರುವ ಬಗೆಯಿಂದಾಗಿ, ನಮ್ಮ ಕಣ್ಣಿಗೆ ಹಸುರುಗಪ್ಪಾಗಿ ಕಾಣುತ್ತದೆ. ಮುದುಕಿಯರ ಮುಂಗೈಯಲ್ಲಿ ಕಂಡ ಆ ಬಣ್ಣವೇ ಹೆಸರಾಗಿ ನಿಂತಿತು. ಇಂಗ್ಲಿಷಿನ 'ಟ್ಯಾಟೂ' ಇದರ ಮುಂದೆ ಎಳೆಯ ಮಾತು. 1769ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ತಾಹಿತಿ ದ್ವೀಪವನ್ನು ಮುಟ್ಟಿದಾಗ ಅಲ್ಲಿನ ಜನರ ಬಾಯಿಂದ ಯೂರೋಪಿಗೆ ಹೋದದ್ದು.

ಪದವೂ ಹಳೆಯದು, ಪದ್ಧತಿಯೂ ಹಳೆಯದು. ಆದರೂ ಬೆಂಗಳೂರಿನ ದಕ್ಷಿಣದ ಬಡಾವಣೆಗಳಲ್ಲಿ ಈಗ ಅದೇ ಹಚ್ಚೆ ಗಂಡಹೆಂಡಿರ ನಡುವೆ ಹೊಸದೊಂದು ಚರ್ಚೆಯಾಗಿ ತಲೆಯೆತ್ತಿದೆ. ಚಿಕ್ಕಲಸಂದ್ರವನ್ನೇ ತೆಗೆದುಕೊಳ್ಳೋಣ. ಉತ್ತರಹಳ್ಳಿಯ ನೆರೆಯಲ್ಲಿದ್ದ ಹಳ್ಳಿ ಅದು. ಹೆಸರಿನ ಕೊನೆಯ 'ಸಂದ್ರ' ಎಂಬುದು 'ಸಮುದ್ರ'ದ ಸವೆದ ರೂಪ. ನಮ್ಮ ಹಿರಿಯರು ಕೆರೆಯನ್ನು ಹಾಗೆ ಕರೆದರು. ಕನಕಪುರ ರಸ್ತೆಯ ಕಡೆಗಿರುವ ದೊಡ್ಡಕಲ್ಲಸಂದ್ರಕ್ಕೆ ಇದು ಕಿರಿಯ ಜೊತೆ ಎಂಬುದನ್ನು ಹೆಸರೇ ಹೇಳುತ್ತದೆ. ಹೊಲವಿದ್ದಲ್ಲಿ ಇಂದು ಸಾಲುಮನೆಗಳಿವೆ, ಬಹುಮಹಡಿಯ ವಸತಿಗಳಿವೆ. ಅಲ್ಲಿಂದ ಸ್ವಲ್ಪ ದೂರದ ಬನಶಂಕರಿ, ಜಯನಗರಗಳ ಪೇಟೆಬೀದಿಗಳಲ್ಲಿ ವಿದ್ಯುತ್ತಿನ ಸೂಜಿ ಹಿಡಿದ ಹಚ್ಚೆಗಾರರು ಅಂಗಡಿ ತೆರೆದಿದ್ದಾರೆ. ಹಳ್ಳಿಯ ಅಜ್ಜಿಯೂ ನಗರದ ಮೊಮ್ಮಗಳೂ ಒಂದೇ ಸೂರಿನಡಿ ಬಾಳಿದ ಇಂಥ ಊರಿನಲ್ಲಿ ಹಚ್ಚೆಯ ಪ್ರಶ್ನೆ ಸುಲಭವಾಗಿ ತೀರುವುದಿಲ್ಲ.

ಅಲ್ಲಿ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಹೆಂಡತಿ ಪ್ರೌಢಶಾಲೆಯ ಉಪಾಧ್ಯಾಯಿನಿ. ಗಂಡನೂ ಸಂಬಳದ ಕೆಲಸದಲ್ಲಿರುವವನು, ಸಜ್ಜನ. ಅವಳನ್ನು ಸಾಕಿದ ಅಜ್ಜಿಯ ಮುಂಗೈಯಲ್ಲಿ ತುಳಸಿಕಟ್ಟೆಯ ಹಚ್ಚೆ ಇದ್ದಿತು. ಅಜ್ಜಿ ಕಾಲವಾದ ಮೇಲೆ ಮೊಮ್ಮಗಳಿಗೆ, ಆ ಚಿತ್ರವನ್ನು ತನ್ನ ಮುಂಗೈಯ ಅದೇ ಎಡೆಯಲ್ಲಿ ಬರೆಯಿಸಿಕೊಳ್ಳಬೇಕೆಂಬ ಆಸೆ. ಸೆರಗಿನ ಮರೆಯಲ್ಲಿ ಅಡಗುವಂಥದಲ್ಲ ಅದು. ಕರಿಹಲಗೆಯ ಮೇಲೆ ಬರೆಯುವಾಗ ತರಗತಿಯ ಮಕ್ಕಳೆಲ್ಲರಿಗೂ ಕಾಣುವಂಥದು. ಗಂಡ ಬೇಡವೆನ್ನುತ್ತಾನೆ. ಕೂಗಾಡುವುದಿಲ್ಲ, ಬೇಡವೆನ್ನುತ್ತಾನೆ, ಅಷ್ಟೆ. ಅವಳು ಏನು ಮಾಡತಕ್ಕದ್ದು?

ಉತ್ತರಕ್ಕೆ ಮೊದಲು, ಹಚ್ಚೆಯ ತೀರ್ಮಾನ ಹಿಂದೆ ಯಾರದಾಗಿತ್ತು ಎಂಬುದನ್ನು ನೋಡುವುದು ಒಳ್ಳೆಯದು. ಕೊರವಂಜಿ ಬುಟ್ಟಿ ಹೊತ್ತು ಬೀದಿಗೆ ಬರುತ್ತಿದ್ದ ಕಾಲವೊಂದಿತ್ತು. ಕಣಿ ಹೇಳುವುದೂ ಹಚ್ಚೆ ಹಾಕುವುದೂ ಅವಳ ಎರಡು ವಿದ್ಯೆಗಳು. 1909ರಲ್ಲಿ ಏಳು ಸಂಪುಟಗಳಲ್ಲಿ ಹೊರಬಂದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಕೊರವ ಹೆಂಗಸರ ಈ ಕಸುಬಿನ ಮಾತು ಬರುತ್ತದೆ. ಕೆಲವು ಸೂಜಿಗಳನ್ನು ಒಟ್ಟಾಗಿ ಕಟ್ಟಿ, ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ನೋವು ಮರೆಯಲೆಂದು ಹಾಡು ಹೇಳುತ್ತ ಅವರು ಚುಚ್ಚುತ್ತಿದ್ದರು. ಚುಕ್ಕಿ, ರಂಗೋಲೆ, ಚೇಳು, ತೊಟ್ಟಿಲು, ತುಳಸಿಕಟ್ಟೆ, ಹೀಗೆ ಅವರ ಕೈಯಲ್ಲಿ ಚಿತ್ರಗಳ ಒಂದು ಭಂಡಾರವೇ ಇತ್ತು. ಕಾಳೋ ಹಳೆಯ ಬಟ್ಟೆಯೋ ಕಾಸೋ ಅವರ ಕೂಲಿ.

ಆದರೆ ಹಚ್ಚೆ ಹಾಕಿಸಿಕೊಳ್ಳುತ್ತಿದ್ದವಳು ಅನೇಕ ವೇಳೆ ಇನ್ನೂ ಹುಡುಗಿ. ತಾಯಿಯೋ ಅಜ್ಜಿಯೋ ಅವಳನ್ನು ಹಿಡಿದು ಕೂರಿಸುತ್ತಿದ್ದರು. ಒಡವೆಯೆಲ್ಲ ಇಲ್ಲಿಯೇ ಉಳಿಯುತ್ತದೆ, ಸತ್ತಾಗ ಜೊತೆಯಲ್ಲಿ ಬರುವುದು ಹಚ್ಚೆಯೊಂದೇ ಎಂದು ಸಮಾಧಾನ ಹೇಳುತ್ತಿದ್ದರು. ಕಳ್ಳನು ಕದಿಯಲಾರದ, ಸಾಲಗಾರನು ಒಯ್ಯಲಾರದ ಆಸ್ತಿಯೆಂಬ ಆ ನಂಬಿಕೆಯಲ್ಲಿ ಬಡವರ ಬಾಳಿನ ಘನತೆಯೂ ಇದೆ. ಅದನ್ನು ಹಗುರವಾಗಿ ಕಾಣಲಾಗದು. ಹುಡುಗಿಯ ಒಪ್ಪಿಗೆಯನ್ನು ಮಾತ್ರ ಸಾಮಾನ್ಯವಾಗಿ ಯಾರೂ ಕೇಳುತ್ತಿರಲಿಲ್ಲ.

ಮದುವೆಯಾದ ಮೇಲೆ ಬರುತ್ತಿದ್ದುದು ಗಂಡನ ಹೆಸರಿನ ಹಚ್ಚೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟು ನಮ್ಮ ನಾಡಿನಲ್ಲೆಲ್ಲ ಇದ್ದಿತು. ಅದಕ್ಕಾಗಿಯೇ ಉತ್ತರ ಕರ್ನಾಟಕದಲ್ಲಿ ಒಡಪು ಕಟ್ಟಿ, ಪ್ರಾಸದ ನೆರಳಿನಲ್ಲಿ ಹೆಸರನ್ನು ತೇಲಿಸಿ ಹೇಳುವ ಜಾಣ್ಮೆ ಬೆಳೆಯಿತು. ನಾಲಗೆಗೆ ಸಲ್ಲದ ಹೆಸರು ಮುಂಗೈಗೆ ಸಲ್ಲುತ್ತಿತ್ತು. ಅಕ್ಷರ ಬಾರದ ಹೆಂಗಸು ತಾನು ಓದಲಾರದ ಮೂರು ನಾಲ್ಕು ಅಕ್ಷರಗಳನ್ನು ಜೀವಮಾನವೆಲ್ಲ ಮೈಮೇಲೆ ಹೊತ್ತು ನಡೆದಳು. ಆ ಹಚ್ಚೆಯಿಂದ ಕೈಯ ಅಂದ ಕೆಟ್ಟಿತೆಂದಾಗಲಿ, ನಾಳೆ ಅಳಿಸಲಾಗದೆಂದಾಗಲಿ, ನೋಡಿದವರು ಏನೆಂದಾರೆಂದಾಗಲಿ ಆಕ್ಷೇಪಿಸಿದ ಗಂಡಂದಿರ ಕಥೆ ನಮ್ಮ ಕಿವಿಗೆ ಬಿದ್ದಿಲ್ಲ. ಇಂದಿನ ಆಕ್ಷೇಪಗಳನ್ನು ತೂಗುವಾಗ ಈ ಸಂಗತಿಯನ್ನು ತಕ್ಕಡಿಯಲ್ಲಿ ಇಟ್ಟುಕೊಳ್ಳಬೇಕು.

ಅಧಿಕಾರವೂ ಈ ಸೂಜಿಯನ್ನು ಬಳಸಿಕೊಂಡಿದೆ. 1797ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ, ಜೀವಾವಧಿ ಶಿಕ್ಷೆಗೊಳಗಾದ ಅಪರಾಧಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಾಗಿ ಬರೆಸುವ ಕಟ್ಟಳೆ ಮಾಡಿತು. 1802ರಲ್ಲಿ ಮದರಾಸು ಪ್ರಾಂತಕ್ಕೂ ಅಂಥ ಕಟ್ಟಳೆ ಬಂದಿತು. 1849ರಲ್ಲಿ ಅದು ರದ್ದಾಯಿತು. ಅಂತೂ ಅಳಿಯದ ಗುರುತಿನ ಚರಿತ್ರೆಯಲ್ಲಿ ಮುಖ್ಯವಾದ ಪ್ರಶ್ನೆ ಗುರುತು ಯಾವುದೆಂಬುದಕ್ಕಿಂತ, ಅದನ್ನು ಬರೆಯಿಸಿದವರು ಯಾರೆಂಬುದು. ತುಳಸಿಕಟ್ಟೆಯೇ ಆಗಲಿ, ಹಿಡಿದು ಕೂರಿಸಿ ಚುಚ್ಚಿದರೆ ಒಂದು ಅರ್ಥ, ತಾನಾಗಿ ಕೈ ಚಾಚಿದರೆ ಇನ್ನೊಂದು ಅರ್ಥ.

ಇನ್ನು ಗಂಡನ ಆಕ್ಷೇಪಗಳಿಗೆ ಬರೋಣ. ಅವೆಲ್ಲವನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ; ಅವುಗಳಲ್ಲಿ ಬೇರೆ ಬೇರೆ ಜಾತಿಯವು ಇವೆ.

ಮೊದಲನೆಯದು ಆರೋಗ್ಯದ್ದು. ಇದು ಗಟ್ಟಿಯಾದ ಆಕ್ಷೇಪ. ಶುದ್ಧಿಮಾಡದ ಸೂಜಿಯಿಂದ ಯಕೃತ್ತಿನ ಸೋಂಕುಗಳು, ಎಚ್‌ಐವಿ ಹರಡಬಲ್ಲವು. ಮಸಿಯೊಳಗೆ ಏನಿದೆಯೆಂಬುದೂ ಸಣ್ಣ ಪ್ರಶ್ನೆಯಲ್ಲ. ಯೂರೋಪಿನ ಒಕ್ಕೂಟ 2022ರ ಜನವರಿಯಿಂದ ಹಚ್ಚೆಯ ಮಸಿಯಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ. ನಮ್ಮ ದೇಶದ ನಿಯಮದಂತೆ ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ರಕ್ತದಾನ ಮಾಡುವಂತಿಲ್ಲ. ಇಂಥ ಮಾತನ್ನು ಗಂಡ ಹೇಳಿದರೆ ಹೆಂಡತಿ ಕೇಳತಕ್ಕದ್ದೇ ಸರಿ. ಆದರೆ ಈ ಆಕ್ಷೇಪಕ್ಕೆ ಪರಿಹಾರ ಉಂಟು: ಹೊಸ ಸೂಜಿ, ಮುಚ್ಚಳ ಒಡೆಯದ ಮಸಿ, ಶುಚಿಯಾದ ಅಂಗಡಿ, ಚರ್ಮದ ವೈದ್ಯರ ಸಲಹೆ. ಇವೆಲ್ಲ ದೊರೆತ ಮೇಲೂ ಅವನು ಬೇಡವೆಂದರೆ, ಅವನ ಮನಸ್ಸಿನಲ್ಲಿದ್ದ ಕಾರಣ ಆರೋಗ್ಯವಲ್ಲವೆಂದು ಇಬ್ಬರಿಗೂ ತಿಳಿಯುತ್ತದೆ.

ಎರಡನೆಯದು ಉದ್ಯೋಗದ್ದು. ಕೆಲವು ಕಡೆ ನಿಯಮ ಸ್ಪಷ್ಟವಾಗಿದೆ. ಭಾರತದ ಸೈನ್ಯದ ಭರ್ತಿಯಲ್ಲಿ ಮುಂಗೈಯ ಒಳಬದಿಗೂ ಅಂಗೈಯ ಹಿಂಬದಿಗೂ ಮಾತ್ರ ಶಾಶ್ವತ ಹಚ್ಚೆಗೆ ಅವಕಾಶ. ಬುಡಕಟ್ಟಿನ ಸಂಪ್ರದಾಯದಂತೆ ಹಾಕಿಸಿಕೊಂಡವರಿಗೆ ವಿನಾಯಿತಿ ಇದೆ. ಶಾಲೆಯಲ್ಲಿ ಅಂಥ ನಿಯಮವಿದೆಯೆ ಎಂಬುದನ್ನು ಉಪಾಧ್ಯಾಯಿನಿ ಮೊದಲೇ ಕೇಳಿ ತಿಳಿಯಬಹುದು. ಇದು ವಿಚಾರಿಸಿ ಬಗೆಹರಿಸುವ ವಿಷಯ, ವಾದಿಸಿ ಗೆಲ್ಲುವ ವಿಷಯವಲ್ಲ.

ಮೂರನೆಯದು ಶಾಶ್ವತತೆಯದ್ದು. ಇಂದಿನ ಇಷ್ಟ ನಾಳೆಯ ಬೇಸರವಾದರೆ? ಇಲ್ಲಿ ವಿಜ್ಞಾನ ಒಂದು ಸೋಜಿಗವನ್ನು ಹೇಳುತ್ತದೆ. 2018ರಲ್ಲಿ ಫ್ರಾನ್ಸಿನ ಮಾರ್ಸೇಲ್‌ನ ಸಂಶೋಧಕರು ಇಲಿಗಳ ಮೇಲೆ ಪ್ರಯೋಗ ಮಾಡಿ, ಹಚ್ಚೆ ಉಳಿಯುವುದು ಹೇಗೆಂದು ತೋರಿಸಿದರು. ಒಳಚರ್ಮದಲ್ಲಿರುವ ಭಕ್ಷಕ ಕಣಗಳು ಮಸಿಯನ್ನು ನುಂಗಿ ಇಟ್ಟುಕೊಳ್ಳುತ್ತವೆ. ಆ ಕಣ ಸತ್ತಾಗ ಮಸಿ ಹೊರಬೀಳುತ್ತದೆ; ಬಳಿಯಲ್ಲಿರುವ ಹೊಸ ಕಣ ಅದನ್ನು ಮತ್ತೆ ನುಂಗುತ್ತದೆ. ನಾವು ಒಂದೇ ಗುರುತೆಂದು ತಿಳಿದದ್ದು ಒಳಗೆ ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ. ಲೇಸರ್ ಕಿರಣದಿಂದ ಅಳಿಸಲು ಹಲವು ಸಲ ಹೋಗಬೇಕಾಗುತ್ತದೆ; ಆಗಲೂ ಪೂರ್ತಿ ಹೋಗುವ ಭರವಸೆಯಿಲ್ಲ. ಆದುದರಿಂದ ಶಾಶ್ವತತೆಯ ಮಾತು ನಿಜ. ಆದರೆ ಅದರ ಭಾರ ಹೊರುವವಳು ಅವಳು. ಬೇಸರವಾದರೆ ಬೇಸರವೂ ಅವಳದೇ. ಈ ಆಕ್ಷೇಪ ನಿಧಾನಿಸಲು ಕಾರಣವಾದೀತೇ ಹೊರತು ನಿಷೇಧಿಸಲು ಕಾರಣವಾಗದು.

ನಾಲ್ಕನೆಯದು 'ಜನ ಏನೆನ್ನುತ್ತಾರೆ' ಎಂಬುದು. ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಬಲವಾದ ಆಕ್ಷೇಪ ಇದೇ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡ ಮೇಲೆ ನಾಡಿನ ಅಭಿಮಾನಿಗಳು ಅವರ ಮುಖವನ್ನು ತೋಳಿನ ಮೇಲೂ ಎದೆಯ ಮೇಲೂ ಹಚ್ಚೆಯಾಗಿ ಬರೆಯಿಸಿಕೊಂಡರು. ಅದನ್ನು ಅಭಿಮಾನವೆಂದು ಜನ ಗೌರವಿಸಿದರು. ಹೆಂಡತಿಯ ಒಪ್ಪಿಗೆ ಪಡೆದೆಯಾ ಎಂದು ಯಾರಾದರೂ ಕೇಳಿದ್ದುಂಟೆ? ಮೆಚ್ಚಿದ ನಟನ ಮುಖ ಗಂಡಸಿನ ತೋಳಿನ ಮೇಲೆ ಸಲ್ಲಬಹುದಾದರೆ, ಸಾಕಿದ ಅಜ್ಜಿಯ ತುಳಸಿಕಟ್ಟೆ ಮೊಮ್ಮಗಳ ಕೈಯ ಮೇಲೆ ಏಕೆ ಸಲ್ಲದು? ಜನರ ಮಾತೆಂಬುದು ಒಂದೇ ಅಳತೆಗೋಲಲ್ಲ. ಅಳೆಯಲ್ಪಡುವವರು ಯಾರೆಂದು ನೋಡಿ ಅದು ಉದ್ದವಾಗುತ್ತದೆ, ಗಿಡ್ಡವಾಗುತ್ತದೆ.

ಕೊನೆಯದು ಬಾಯಿಗೆ ಬಾರದ ಆಕ್ಷೇಪ: ನಿನ್ನ ಕೈ ನನಗೆ ಇದ್ದ ಹಾಗೆಯೇ ಇಷ್ಟ ಎಂಬುದು. ಇದರಲ್ಲಿ ಪ್ರೀತಿಯಿದೆ, ಅದನ್ನು ದಬ್ಬಾಳಿಕೆ ಎಂದು ಕರೆಯುವುದು ಅವಸರದ ಮಾತಾದೀತು. ಹತ್ತು ವರ್ಷ ಹಿಡಿದ ಕೈಯ ಮೇಲೆ ತನಗೆ ಸೇರದ ಒಂದು ನೆನಪು ಬಂದು ಕೂರುತ್ತದೆಯೆಂಬ ಸಣ್ಣ ಅಂಜಿಕೆಯೂ ಇದರಲ್ಲಿರಬಹುದು. ಅವನು ಇದನ್ನು ಹೇಳಲಿ, ಅವಳು ಕೇಳಲಿ. ಆದರೆ ಪ್ರೀತಿಸಿದ ಮಾತ್ರಕ್ಕೆ ಕೈ ಅವನದಾಗುವುದಿಲ್ಲ. ಹೆಂಡತಿಯೂ ಇದೇ ನಿಯಮವನ್ನು ಗಂಡನ ತೋಳಿಗೆ ಅನ್ವಯಿಸಬೇಕಾಗುತ್ತದೆ. ನಾಳೆ ಅವನು ಹುಲಿಯ ಚಿತ್ರ ಬರೆಯಿಸಿಕೊಂಡು ಬಂದರೆ ಅವಳಿಗೆ ಉಳಿಯುವುದು ಸಲಹೆಯ ಹಕ್ಕು ಮಾತ್ರ.

ದೇಶದ ಕಾನೂನೂ ಈಗ ಈ ದಿಕ್ಕಿನಲ್ಲಿಯೇ ನಡೆದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು, ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ತನ್ನ ದೇಹದ ಕುರಿತ ತೀರ್ಮಾನವೂ ಆ ಹಕ್ಕಿನೊಳಗೆ ಸೇರಿದೆ. ಮರುವರ್ಷ ಸೆಪ್ಟೆಂಬರ್ 27ರಂದು ಅದೇ ನ್ಯಾಯಾಲಯದ ಐವರ ಪೀಠ ವ್ಯಭಿಚಾರದ ಹಳೆಯ ಕಲಮನ್ನು ತೊಡೆದುಹಾಕುವಾಗ, ಗಂಡನು ಹೆಂಡತಿಯ ಒಡೆಯನಲ್ಲವೆಂಬುದನ್ನು ಸ್ಪಷ್ಟಪಡಿಸಿತು. ಆದರೆ ಸಂಸಾರವನ್ನು ತೀರ್ಪಿನ ಪ್ರತಿ ಹಿಡಿದು ನಡೆಸಲಾಗುವುದಿಲ್ಲ. ಹಕ್ಕು ಅವಳದೆಂಬುದು ನಿಶ್ಚಯವಾದ ಮೇಲೆ, ಅದನ್ನು ಬಳಸುವ ರೀತಿಯ ಪ್ರಶ್ನೆ ಉಳಿಯುತ್ತದೆ.

ನಮ್ಮ ಉಪಾಧ್ಯಾಯಿನಿಗೆ ಹೇಳಬಹುದಾದ ಮಾತು ಇಷ್ಟು. ಜಗಳದ ದಿನ ಹಚ್ಚೆಯ ಅಂಗಡಿಗೆ ಹೋಗಬಾರದು. ಸಿಟ್ಟಿನಲ್ಲಿ ಬರೆಯಿಸಿಕೊಂಡ ತುಳಸಿಕಟ್ಟೆ ಅಜ್ಜಿಯನ್ನು ನೆನಪಿಸುವ ಬದಲು ಆ ಜಗಳವನ್ನೇ ನೆನಪಿಸುತ್ತ ಕೂರುತ್ತದೆ. ಮೊದಲು ಅದೇ ಚಿತ್ರವನ್ನು ಗೋರಂಟಿಯಲ್ಲಿ ಬರೆಯಿಸಿಕೊಳ್ಳಲಿ. ಒಂದೆರಡು ವಾರ ಅದು ಕೈಯಲ್ಲಿರುತ್ತದೆ. ಅದರೊಡನೆ ಶಾಲೆಗೆ ಹೋಗಲಿ, ಅತ್ತೆಯ ಮನೆಯ ಹಬ್ಬಕ್ಕೆ ಹೋಗಲಿ. ಮಾಸಿದಾಗ ಕೈ ಬರಿದಾಯಿತೆನ್ನಿಸಿದರೆ ಮತ್ತೊಮ್ಮೆ ಬರೆಯಿಸಿಕೊಳ್ಳಲಿ. ಆ ಅವಧಿಯಲ್ಲಿ ಗಂಡನ ಕಣ್ಣೂ ಪಳಗಬಹುದು, ಅವಳ ಆಸೆಯೂ ತನ್ನ ತೂಕವನ್ನು ತಾನೇ ತಿಳಿದುಕೊಳ್ಳಬಹುದು. ಆಸೆ ಕರಗಿದರೆ ಯಾರೂ ಸೋತಂತಾಗಲಿಲ್ಲ. ಉಳಿದರೆ ಅವಳು ಹೋಗಿ ಹಾಕಿಸಿಕೊಳ್ಳುವುದೇ ಸರಿ. ಅವನ ಬೇಡವೆಂಬ ಒಂದು ಮಾತಿಗಾಗಿಯೇ ಬಿಟ್ಟುಕೊಟ್ಟರೆ, ಬರಿಯ ಆ ಮುಂಗೈಯನ್ನು ಇಬ್ಬರೂ ಬಾಳಿನುದ್ದಕ್ಕೂ ನೋಡುತ್ತಿರಬೇಕಾಗುತ್ತದೆ.

ಹಾಕಿಸಿಕೊಂಡ ಮೇಲೆ ಗಾಯ ಮಾಯಲು ಎರಡು ಮೂರು ವಾರ ಬೇಕು. ಅಷ್ಟು ದಿನ ಕೈಯನ್ನು ನೀರಿನಲ್ಲಿ ನೆನೆಸಬಾರದು, ಬಿಸಿಲಿಗೆ ಒಡ್ಡಬಾರದು. ಮನೆಯ ಪಾತ್ರೆಗಳನ್ನು ಆಗ ಯಾರು ತೊಳೆಯತಕ್ಕದ್ದು ಎಂಬ ವಿಷಯದಲ್ಲಿ ಮಾತ್ರ ಗಂಡನ ಒಪ್ಪಿಗೆಯನ್ನು ಮೊದಲೇ ಪಡೆದಿರುವುದು ಒಳ್ಳೆಯದು.