‘ಇದರಾಗ ಏನದ?’ ಎಂದು ಕೇಳುವ ಹಕ್ಕು

ಕಲಬುರಗಿಯ ಶಹಾಬಜಾರ ಬಹಮನಿ ಸುಲ್ತಾನರ ಕಾಲದಿಂದ ಬಂದ ಪೇಟೆ. ಅಂದಿನ ಮಸೀದಿ ಇಂದಿಗೂ ಅಲ್ಲಿದೆ. ಆದರೆ ಊರಿನ ಪೇಟೆ, ಗಂಜ್‌, ಗೋದಾಮುಗಳಲ್ಲಿ ಇಳಿಯುವ ಸರಕು ಬದಲಾಗಿದೆ. ತೊಗರಿ, ಕಡಲೆಯ ಚೀಲಗಳ ಜೊತೆಗೆ ಕೀಟನಾಶಕದ ಪೆಟ್ಟಿಗೆ, ಆ್ಯಸಿಡ್ ಕ್ಯಾನು, ಬ್ಲೀಚಿಂಗ್ ಪುಡಿ, ಗ್ಯಾಸ್ ಸಿಲಿಂಡರ್, ಕಾಳಿಗೆ ಹುಳ ಬೀಳದಂತೆ ಇಡುವ ವಿಷದ ಮಾತ್ರೆಗಳ ಡಬ್ಬಿಯೂ ಇಳಿಯುತ್ತವೆ. ಲಾರಿಯ ಹಿಂಬಾಗಿಲು ತೆರೆದಾಗ ಇವನ್ನೆಲ್ಲ ಮೊದಲು ಮುಟ್ಟುವವನು ಹಮಾಲ. ಅಪಾಯಕಾರಿ ಸರಕು ಇಳಿಸುವವರಿಗೆ ತರಬೇತಿ ಕೊಡಬೇಕೆಂಬ ಮಾತು ನಮ್ಮ ಕಾನೂನಿನೊಳಗೆ ಬಂದದ್ದು ಹೇಗೆ, ಅದು ಇವನ ಹತ್ತಿರ ಯಾಕೆ ಬರಲಿಲ್ಲ ಎಂಬುದನ್ನು ನೋಡಬೇಕು.

1944ರ ಏಪ್ರಿಲ್ 14. ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗು ನಿಂತಿತ್ತು. ಯುದ್ಧಕ್ಕೆಂದು ತಂದ ಸುಮಾರು 1,400 ಟನ್ ಸ್ಫೋಟಕ ಮತ್ತು ಕರಾಚಿಯಲ್ಲಿ ಹೇರಿಕೊಂಡ ಹತ್ತಿ, ಎರಡೂ ಒಂದೇ ಹಡಗಿನಲ್ಲಿದ್ದವು. ಊಟದ ಬಿಡುವು ಮುಗಿಸಿ ಬಂದ ಕೂಲಿಗಳ ಕಣ್ಣಿಗೆ ಹೊಗೆ ಬಿತ್ತು. ಸಂಜೆ ನಾಲ್ಕು ದಾಟುತ್ತಿದ್ದಂತೆ ಹಡಗು ಸಿಡಿಯಿತು. ನೂರಾರು ಜನ ಸತ್ತರು. ಅವರಲ್ಲಿ 66 ಮಂದಿ ಬೆಂಕಿ ಆರಿಸಲು ಹೋದವರು. ಅವರ ನೆನಪಿಗೆ ಇಂದಿಗೂ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಆಚರಿಸುತ್ತೇವೆ. ಬಂದರಿನಲ್ಲಿ ಹಡಗಿನ ಸರಕು ಹೇರುವ, ಇಳಿಸುವ ಕೂಲಿಗಳ ಸುರಕ್ಷತೆ, ಆರೋಗ್ಯ, ಕ್ಷೇಮ ಮೂರನ್ನೂ ಒಳಗೊಂಡ ಡಾಕ್ ಕಾರ್ಮಿಕರ ಕಾಯ್ದೆ ಬಂದದ್ದು ಮಾತ್ರ 1986ರಲ್ಲಿ.

ಇನ್ನೊಂದು ಪಾಠ ಕಲಿಸಿದ್ದು ಗೋಧಿ ಹಿಟ್ಟು. 1958ರಲ್ಲಿ ಕೇರಳದಲ್ಲಿ ಹಿಟ್ಟಿನ ತಿಂಡಿ ತಿಂದು ನೂರಕ್ಕೂ ಹೆಚ್ಚು ಜನ ಪ್ರಾಣಬಿಟ್ಟರು. ಹಡಗಿನಲ್ಲಿ ಹಿಟ್ಟಿನ ಚೀಲಗಳ ಹತ್ತಿರವೇ ಇಟ್ಟಿದ್ದ ಪ್ಯಾರಾಥಿಯಾನ್ ಕೀಟನಾಶಕ ಸೋರಿ ಚೀಲದೊಳಗೆ ಇಳಿದಿತ್ತು. ಈ ದುರಂತದ ವಿಚಾರಣೆಯ ಫಲವಾಗಿ 1968ರ ಕೀಟನಾಶಕ ಕಾಯ್ದೆ ಹುಟ್ಟಿತು. ಅದರಡಿ 1971ರಲ್ಲಿ ಬಂದ ನಿಯಮಗಳು ತಯಾರಕರ ಜೊತೆಗೆ ವಿತರಕರ ಮೇಲೂ ಹೊಣೆ ಹೊರಿಸಿದವು: ಕೆಲಸಗಾರರಿಗೆ ತಕ್ಕ ತರಬೇತಿ ಕೊಡಬೇಕು, ರಕ್ಷಣೆಯ ಉಡುಪು ಕೊಡಬೇಕು, ಪ್ರತಿವಿಷ ಮತ್ತು ಪ್ರಥಮ ಚಿಕಿತ್ಸೆಯ ಸಾಮಾನು ಇಟ್ಟಿರಬೇಕು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ವಿಷದ ತೀವ್ರತೆ ಹೇಳುತ್ತವೆ. ಕೆಂಪು ಎಂದರೆ ಎಲ್ಲಕ್ಕಿಂತ ಕಡು ವಿಷ. ಈ ನಾಲ್ಕು ಬಣ್ಣ ತಿಳಿಸಲು ಅರ್ಧ ಗಂಟೆ ಸಾಕು.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲ್‌ನಲ್ಲಿ ಮೀಥೈಲ್ ಐಸೊಸಯನೇಟ್ ಸೋರಿತು. ಪಕ್ಕದ ಬಸ್ತಿಯವರಿಗೆ ತಾವು ಯಾವ ವಿಷದ ನೆರೆಯಲ್ಲಿ ಬದುಕಿದ್ದೇವೆಂದೇ ತಿಳಿದಿರಲಿಲ್ಲ. ಆಮೇಲೆ ದೇಶದ ಕಾನೂನು ಮೈಕೊಡವಿ ಎದ್ದಿತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ, ಅಪಾಯದ ಮಾಹಿತಿಯನ್ನು ಕಾರ್ಮಿಕರಿಗೆ ತಿಳಿಸುವುದು ಮಾಲೀಕರ ಕರ್ತವ್ಯವಾಯಿತು. ಪ್ರಾಣಾಪಾಯ ಕಂಡರೆ ಎಚ್ಚರಿಸುವ ಹಕ್ಕು ಕಾರ್ಮಿಕರಿಗೆ ಸಿಕ್ಕಿತು. 1989ರ ಅಪಾಯಕಾರಿ ರಾಸಾಯನಿಕ ನಿಯಮಗಳು ಕೆಲಸದ ಜಾಗದಲ್ಲಿರುವವರಿಗೆ ಮಾಹಿತಿ, ತರಬೇತಿ ಮತ್ತು ಪ್ರತಿವಿಷ ಸಹಿತ ಸಾಧನ ಕೊಡಬೇಕೆಂದವು. ಕೇಂದ್ರ ಮೋಟಾರು ವಾಹನ ನಿಯಮಗಳಂತೂ ಅಪಾಯಕಾರಿ ಸರಕು ಸಾಗಿಸುವ ಚಾಲಕನಿಗೆ ಮೂರು ದಿನದ ತರಬೇತಿಯನ್ನೇ ಕಡ್ಡಾಯ ಮಾಡಿದವು.

ಹೀಗಾಗಿ ಕಮಲಾಪುರ ದಾಟಿ ಹುಮನಾಬಾದಿನ ಕೈಗಾರಿಕಾ ಪ್ರದೇಶಕ್ಕೆ ರಾಸಾಯನಿಕ ಒಯ್ಯುವ ಟ್ಯಾಂಕರ್ ಚಾಲಕ ಪ್ರಮಾಣಪತ್ರ ತೋರಿಸಬೇಕು. ಟ್ಯಾಂಕರ್ ಮೇಲೆ ರಾಸಾಯನಿಕದ ಹೆಸರು, ವಿಶ್ವಸಂಸ್ಥೆಯ ಸಂಖ್ಯೆ, ತುರ್ತು ದೂರವಾಣಿ ಬರೆದಿರಬೇಕು. ಆ ಸರಕು ಕಾರ್ಖಾನೆಯೊಳಗೆ ಇಳಿದರೆ ಅಲ್ಲಿನ ಕಾರ್ಮಿಕನಿಗೂ ಕಾನೂನಿನ ಆಸರೆ ಉಂಟು. ಅದೇ ಸರಕು ಸಣ್ಣ ಪ್ರಮಾಣದಲ್ಲಿ ಪೇಟೆಯ ಗೋದಾಮಿಗೆ ಬಂದರೆ? ಹಮಾಲ ಯಾರ ಹಾಜರಿ ಪುಸ್ತಕದಲ್ಲೂ ಇಲ್ಲ. ಇಂದು ಈ ಅಂಗಡಿ, ನಾಳೆ ಆ ಅಂಗಡಿ. ಕೂಲಿ ಚೀಲದ ಲೆಕ್ಕಕ್ಕೆ. ಯಾರೂ ಮಾಲೀಕರಲ್ಲ ಎಂದಮೇಲೆ ಕಲಿಸುವ ಹೊಣೆಯೂ ಯಾರದ್ದೂ ಅಲ್ಲವೆಂಬಂತಾಗಿದೆ.

ಇದರ ಬೆಲೆ ಏನೆಂದು 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯಲ್ಲಿ ಕಂಡೆವು. ಪಟಾಕಿ ಗೋದಾಮಿನ ಮುಂದೆ ಲಾರಿಯಿಂದ ಪೆಟ್ಟಿಗೆ ಇಳಿಸುತ್ತಿದ್ದಾಗ ಬೆಂಕಿ ಹೊತ್ತಿತು. ಹದಿನಾಲ್ಕಕ್ಕೂ ಹೆಚ್ಚು ಜನ ಸುಟ್ಟುಹೋದರು. ಬಹುಪಾಲು ಜನ ದೀಪಾವಳಿ ಹಂಗಾಮಿನ ಕೂಲಿಗೆಂದು ತಮಿಳುನಾಡಿನಿಂದ ಬಂದ ಎಳೆಯರು.

ಹಮಾಲರಿಗೆ ಕಲಿಸಬೇಕಾದದ್ದು ದೊಡ್ಡ ವಿದ್ಯೆಯೇನಲ್ಲ. ಹುಳದ ಮಾತ್ರೆಗಳಲ್ಲಿರುವ ಅಲ್ಯೂಮಿನಿಯಂ ಫಾಸ್ಫೈಡ್‌ಗೆ ತೇವ ತಗುಲಿದರೆ ಪ್ರಾಣ ತೆಗೆಯುವ ಫಾಸ್ಫೀನ್ ಅನಿಲ ಏಳುತ್ತದೆ. ಆದ್ದರಿಂದ ಅದು ಚೆಲ್ಲಿದಾಗ ನೀರು ಹಾಕಿ ತೊಳೆಯಬಾರದು. ಬ್ಲೀಚಿಂಗ್ ಪುಡಿ ಮತ್ತು ಆ್ಯಸಿಡ್ ಬೆರೆತರೆ ಕ್ಲೋರಿನ್ ಬರುತ್ತದೆ. ಎರಡನ್ನೂ ಅಕ್ಕಪಕ್ಕ ಇಳಿಸಬಾರದು. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ; ಸೋರಿದಾಗ ದೂರದ ಬೀಡಿಯ ಕಿಡಿಯೂ ಸಾಕು. ಚೀಲಕ್ಕೆ ಹಾಕುವ ಕಬ್ಬಿಣದ ಕೊಕ್ಕೆಯನ್ನು ವಿಷದ ಮೂಟೆಗೆ ಹಾಕಬಾರದು. ಸೋರಿಕೆ ಕಂಡರೆ ಗಾಳಿ ಬರುವ ದಿಕ್ಕಿಗೆ ಸರಿಯಬೇಕು. ಇದನ್ನೆಲ್ಲ ಕಲಬುರಗಿ ಕನ್ನಡದಲ್ಲಿ, ದಖನಿಯಲ್ಲಿ, ಅಕ್ಷರ ಬಾರದವರಿಗೂ ಚಿತ್ರ ತೋರಿಸಿ ಒಂದೇ ದಿನದಲ್ಲಿ ಹೇಳಿಕೊಡಬಹುದು.

ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿ ಹಮಾಲರನ್ನು ನೋಂದಾಯಿಸಿ ಗುರುತಿನ ಚೀಟಿ, ಅಪಘಾತ ಪರಿಹಾರ ಕೊಡುತ್ತದೆ. ಅದು ಒಳ್ಳೆಯದೇ. ಆದರೆ ಪರಿಹಾರ ಬರುವುದು ಮನೆಯವರು ಅತ್ತಮೇಲೆ. ನೋಂದಣಿಯ ದಿನವೇ ತರಬೇತಿಯೂ ನಡೆಯಲಿ. ಅದರ ಖರ್ಚನ್ನು ಸರಕು ಕಳಿಸುವ ಕಂಪನಿ, ಇಳಿಸಿಕೊಳ್ಳುವ ವರ್ತಕ ಇಬ್ಬರೂ ಹೊರಲಿ. ‘ಇದರಾಗ ಏನದ?’ ಎಂದು ಹಮಾಲ ಕೇಳಿದರೆ ಉತ್ತರ ಸಿಗಬೇಕು. ಉತ್ತರ ಸಿಗದ ಮಾಲನ್ನು ಮುಟ್ಟುವುದಿಲ್ಲವೆಂದರೆ ಅವನ ಆ ದಿನದ ಕೂಲಿ ತಪ್ಪಬಾರದು. ಇದುವರೆಗೆ ಪ್ರತಿ ನಿಯಮವನ್ನೂ ಹೆಣಗಳ ಲೆಕ್ಕ ಹಿಡಿದು ಬರೆದಿದ್ದೇವೆ. ಹಮಾಲರ ಪಾಲಿನ ನಿಯಮವನ್ನಾದರೂ ಸಾವಿಗೆ ಮೊದಲು ಬರೆಯೋಣ.