ಗೊಬ್ಬರದಂಗಡಿಯ ಆಂಟಿಬಯೋಟಿಕ್

ಭತ್ತದ ಎಲೆಯ ಅಂಚು ತುದಿಯಿಂದ ಕೆಳಕ್ಕೆ ಅಲೆಅಲೆಯಾಗಿ ಹಳದಿಗಟ್ಟಿ, ಒಣಹುಲ್ಲಿನ ಬಣ್ಣಕ್ಕೆ ತಿರುಗಿತೆಂದರೆ ಅದು ದುಂಡಾಣು ಅಂಗಮಾರಿ ಇರಬಹುದು. ಅನುಮಾನವಿದ್ದರೆ ಪರೀಕ್ಷೆ ಸುಲಭ. ರೋಗ ತಗುಲಿದ ಎಲೆಯ ತುಂಡನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿಗೆ ಇಳಿಬಿಟ್ಟರೆ ಸಾಕು. ಸ್ವಲ್ಪ ಹೊತ್ತಿನಲ್ಲಿ, ಕತ್ತರಿಸಿದ ಕಡೆಯಿಂದ ಹಾಲಿನಂಥ ತೆಳು ಎಳೆಯೊಂದು ನೀರಿಗೆ ಇಳಿಯತೊಡಗುತ್ತದೆ. ಆ ಎಳೆಯ ತುಂಬ ಕ್ಸಾಂತೋಮೊನಾಸ್ ಎಂಬ ಬ್ಯಾಕ್ಟೀರಿಯಾ. ಇದಕ್ಕೆಂದೇ ಗೊಬ್ಬರದಂಗಡಿಗಳಲ್ಲಿ ದಶಕಗಳಿಂದ ಮಾರಾಟವಾಗುತ್ತ ಬಂದದ್ದು 6 ಗ್ರಾಂ ತೂಕದ ಒಂದು ಪುಟ್ಟ ಪೊಟ್ಟಣ, ಸ್ಟ್ರೆಪ್ಟೋಸೈಕ್ಲಿನ್. ಅಂಗೈಯಲ್ಲಿ ಅಡಗುವ ಈ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದಿದರೆ ಒಳಗಿರುವುದು ಗೊತ್ತಾಗುತ್ತದೆ: ಸ್ಟ್ರೆಪ್ಟೋಮೈಸಿನ್ ಸಲ್ಫೇಟ್ ಶೇ 90, ಟೆಟ್ರಾಸೈಕ್ಲಿನ್ ಹೈಡ್ರೋಕ್ಲೋರೈಡ್ ಶೇ 10. ಎರಡೂ ಮನುಷ್ಯರ ಔಷಧಗಳು. ಆಹಾರದ ಮೂಲಕ ಹರಡುವ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತಾಗಿರುವ ಬಗ್ಗೆ ಮಾತಾಡುವಾಗ ನಾವು ಕೋಳಿ ಫಾರಂ ಕಡೆ ನೋಡುತ್ತೇವೆ, ಚೀಟಿ ಇಲ್ಲದೆ ಮಾತ್ರೆ ಕೊಡುವ ಮೆಡಿಕಲ್ ಶಾಪ್ ಕಡೆ ನೋಡುತ್ತೇವೆ. ಎರಡೂ ಸರಿ. ಆದರೆ ಕುರುಗೋಡು, ಸಿರುಗುಪ್ಪದಂಥ ಕಾಲುವೆ ಸೀಮೆಯಲ್ಲಿ ಮೂರನೆಯ ಬಾಗಿಲೊಂದಿದೆ. ಅದು ಗೊಬ್ಬರದಂಗಡಿಯದು, ಅದನ್ನು ಎಂದೋ ಮುಚ್ಚಬೇಕಿತ್ತು ಎಂಬುದು ಈ ಲೇಖನದ ವಾದ.

ಸ್ಟ್ರೆಪ್ಟೋಮೈಸಿನ್ ಎಂಥ ಮದ್ದು ಎಂಬುದನ್ನು ನೆನೆಯದೆ ಈ ಪೊಟ್ಟಣದ ವಿಚಿತ್ರ ಅರ್ಥವಾಗುವುದಿಲ್ಲ. 1943ರಲ್ಲಿ ಅಮೆರಿಕದ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ಯುವ ಸಂಶೋಧಕ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಅದನ್ನು ಹೊರತೆಗೆದರು. ಕ್ಷಯಕ್ಕೆ ಸಿಕ್ಕ ಮೊದಲ ನಿಜವಾದ ಮದ್ದು ಅದೇ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಸಿದ್ಧ ಪ್ರಯೋಗದಲ್ಲಿ, ಔಷಧ ಪಡೆದ 55 ಕ್ಷಯರೋಗಿಗಳಲ್ಲಿ ಆರು ತಿಂಗಳಲ್ಲಿ ಸತ್ತವರು 4 ಮಂದಿ; ಪಡೆಯದ 52 ಮಂದಿಯಲ್ಲಿ ಸತ್ತವರು 14. ಜಗತ್ತು ಸಂಭ್ರಮಿಸಿತು. ಆದರೆ ಅದೇ ಪ್ರಯೋಗ ಇನ್ನೊಂದು ಪಾಠವನ್ನೂ ಹೇಳಿತ್ತು. ಔಷಧ ಶುರುವಾದ ಕೆಲವೇ ತಿಂಗಳಲ್ಲಿ ಬಹಳಷ್ಟು ರೋಗಿಗಳ ಕಫದಲ್ಲಿ ಆ ಮದ್ದಿಗೆ ಜಗ್ಗದ ಕ್ಷಯಾಣು ಕಾಣಿಸಿಕೊಂಡಿತು. ಐದು ವರ್ಷ ಕಳೆಯುವ ಹೊತ್ತಿಗೆ ಎರಡು ಗುಂಪಿನ ಸಾವಿನ ಅಂತರ ಹೆಚ್ಚೂಕಡಿಮೆ ಅಳಿಸಿಹೋಗಿತ್ತು. ಒಂಟಿಯಾಗಿ ಬಳಸಿದರೆ ಪ್ರತಿರೋಧ ಬೇಗ ಹುಟ್ಟುತ್ತದೆಂದು ಮೊದಲ ಪರೀಕ್ಷೆಯಲ್ಲೇ ತೋರಿಸಿಕೊಟ್ಟ ಔಷಧ ಇದು. ಅದನ್ನೇ ಸ್ಪ್ರೇಯರ್‌ಗೆ ಸುರಿದು ಬಯಲಲ್ಲಿ ಸಿಂಪಡಿಸಿದೆವು. ಕೃಷಿ ಕೈಪಿಡಿಗಳೂ ಅದನ್ನೇ ಬರೆದವು. ನಮ್ಮಲ್ಲಿ ಇದಕ್ಕೆ ‘ಎಣ್ಣೆ ಹೊಡೆಯುವುದು’ ಎಂದೇ ಹೆಸರು. ಹುಳಕ್ಕೆ, ಬೂಷ್ಟಿಗೆ, ಬ್ಯಾಕ್ಟೀರಿಯಾಕ್ಕೆ ಎಲ್ಲಕ್ಕೂ ಒಂದೇ ಮಾತು. ಆ ಮಾತಿನೊಳಗೆ ಆಂಟಿಬಯೋಟಿಕ್ ಎಂಬುದು ಕಾಣದಂತೆ ಕರಗಿಹೋಗಿದೆ.

ಎಲೆಗೆ ಹೊಡೆದದ್ದು ಮನುಷ್ಯನ ಹೊಟ್ಟೆಯ ಬ್ಯಾಕ್ಟೀರಿಯಾವನ್ನು ಮುಟ್ಟುವುದು ಹೇಗೆ? ಇದಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಸೇಬಿನ ತೋಟದಲ್ಲಿ. ಅಮೆರಿಕದ ತೋಟಗಳಲ್ಲಿ ‘ಫೈರ್ ಬ್ಲೈಟ್’ ರೋಗಕ್ಕೆ 1950ರ ದಶಕದಿಂದ ಸ್ಟ್ರೆಪ್ಟೋಮೈಸಿನ್ ಹೊಡೆಯುತ್ತಿದ್ದರು. ಔಷಧ ನಾಟದಾದಾಗ ಮಿಷಿಗನ್ನಿನ ವಿಜ್ಞಾನಿಗಳು ಆ ರೋಗಾಣುವಿನ ಒಳಹೊಕ್ಕು ನೋಡಿ 1993ರಲ್ಲಿ ಕಂಡದ್ದನ್ನು ಪ್ರಕಟಿಸಿದರು. ಪ್ರತಿರೋಧ ಕೊಡುವ ಜೋಡಿ ವಂಶವಾಹಿಗಳು, ಹೆಸರು ಎಸ್‌ಟಿಆರ್‌-ಎ ಮತ್ತು ಎಸ್‌ಟಿಆರ್‌-ಬಿ, ಒಂದು ಡಿಎನ್‌ಎಯಿಂದ ಇನ್ನೊಂದಕ್ಕೆ ಜಿಗಿಯಬಲ್ಲ ತುಣುಕಿನ ಮೇಲೆ ಕೂತಿದ್ದವು. ಅದೇ ಜೋಡಿ ಮನುಷ್ಯರಿಂದ, ದನಕರುಗಳಿಂದ ತೆಗೆದ ಇ. ಕೋಲಿ, ಸಾಲ್ಮೊನೆಲ್ಲಾಗಳಲ್ಲೂ ಇದೆ. ಗಿಡದ ರೋಗಾಣು, ಹೊಟ್ಟೆಯ ರೋಗಾಣು ಎಂಬ ಬೇಲಿ ನಾವು ಹಾಕಿದ್ದು. ಬ್ಯಾಕ್ಟೀರಿಯಾ ಅದನ್ನು ಒಪ್ಪಿಕೊಂಡಿಲ್ಲ. ಯಾರಿಂದ ಯಾರಿಗೆ ಮೊದಲು ಹೋಯಿತು ಎಂದು ಹೇಳುವುದು ಕಷ್ಟ, ತೋಟವೇ ಮೂಲ ಎಂದು ಹಟ ಹಿಡಿಯುವುದೂ ತಪ್ಪು. ಆದರೆ ವಂಶವಾಹಿ ಎಲ್ಲೇ ಹುಟ್ಟಿರಲಿ, ಅದನ್ನು ಹೊತ್ತವರು ಮಾತ್ರ ಬದುಕುವಂಥ ಬಯಲನ್ನು ಪ್ರತಿ ಸಿಂಪಡಣೆಯೂ ಒದಗಿಸುತ್ತದೆ.

ಭತ್ತದ ಪಾಲು ಎಷ್ಟು ದೊಡ್ಡದೆಂಬ ಅಂದಾಜು 2020ರಲ್ಲಿ ಬಂತು. ಕ್ಯಾಬಿ ಎಂಬ ಅಂತರರಾಷ್ಟ್ರೀಯ ಕೃಷಿ ಸಂಸ್ಥೆಯ ಸಂಶೋಧಕರು 32 ದೇಶಗಳಲ್ಲಿ ರೈತರಿಗೆ ಕೊಟ್ಟ 4 ಲಕ್ಷಕ್ಕೂ ಹೆಚ್ಚು ಸಲಹೆಚೀಟಿಗಳನ್ನು ಜಾಲಾಡಿದರು. ಅವರ ಲೆಕ್ಕದಂತೆ ಆಗ್ನೇಯ ಏಷ್ಯಾ ವಲಯದ ಭತ್ತದ ಮೇಲೆ ವರ್ಷಕ್ಕೆ ಸುಮಾರು 63 ಟನ್ ಸ್ಟ್ರೆಪ್ಟೋಮೈಸಿನ್, 7 ಟನ್ ಟೆಟ್ರಾಸೈಕ್ಲಿನ್ ಬೀಳುತ್ತಿತ್ತು. ಒಂಬತ್ತಕ್ಕೆ ಒಂದು: ನಮ್ಮ ಪೊಟ್ಟಣದ ಅಳತೆಯೇ. ಬ್ಯಾಕ್ಟೀರಿಯಾಕ್ಕೆ ಸಂಬಂಧವೇ ಇಲ್ಲದ ಕೀಟಬಾಧೆಗೂ ಆಂಟಿಬಯೋಟಿಕ್ ಬರೆದುಕೊಟ್ಟ ಉದಾಹರಣೆಗಳು ಅಲ್ಲಿದ್ದವು. ಭಾರತದಲ್ಲಿ ಈ ಮಿಶ್ರಣಕ್ಕೆ ಅನುಮತಿಯಿದ್ದದ್ದು ಭತ್ತ, ಸೇಬು, ಟೊಮೆಟೊ, ಆಲೂಗಡ್ಡೆ ಸೇರಿ ಎಂಟೇ ಬೆಳೆಗಳಿಗೆ. ಮೆಣಸಿನಕಾಯಿ, ಹತ್ತಿ, ದಾಳಿಂಬೆ ಆ ಪಟ್ಟಿಯಲ್ಲಿರಲಿಲ್ಲ. ಆದರೂ ದಾಳಿಂಬೆಯ ಅಂಗಮಾರಿಗೆ ಉತ್ತರ ಕರ್ನಾಟಕದುದ್ದಕ್ಕೂ ಇದೇ ಪುಡಿ ಮನೆಮಾತು. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಕರಡು ಆದೇಶ ಹೊರಡಿಸಿ, 2024ರ ಜನವರಿ 1ರಿಂದ ಕೃಷಿಯಲ್ಲಿ ಇದರ ಬಳಕೆ ಪೂರ್ತಿ ನಿಲ್ಲಬೇಕೆಂದಿತು. ಕೋಳಿಯ ವಿಷಯದಲ್ಲಿ ನಡೆದ ಕೆಲಸಕ್ಕೆ ಹೋಲಿಸಿದರೆ ಇದು ನಿಧಾನವೇ: ಸಾಕುಪ್ರಾಣಿಗಳ ಆಹಾರದಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್‌ನ ಬಳಕೆಗೆ 2019ರ ಜುಲೈನಲ್ಲೇ ನಿಷೇಧ ಬಿದ್ದಿತ್ತು.

ಇಲ್ಲಿ ಎದ್ದು ನಿಲ್ಲುವ ಮೊದಲ ಆಕ್ಷೇಪ ಪ್ರಮಾಣದ್ದು. ಆಸ್ಪತ್ರೆ, ಕೋಳಿ ಫಾರಂಗಳ ಮುಂದೆ ಹೊಲದ ಪಾಲು ಕಾಸಿನಷ್ಟು, ಅದನ್ನೇಕೆ ಇಷ್ಟು ದೊಡ್ಡದು ಮಾಡುತ್ತೀರಿ ಎನ್ನುತ್ತಾರೆ. ತೂಕದ ಮಾತು ನಿಜ. ಪಂಜಾಬಿನ 18 ಕೋಳಿ ಫಾರಂಗಳ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಪ್ರಬಲ ಆಂಟಿಬಯೋಟಿಕ್‌ಗಳನ್ನೇ ಕತ್ತರಿಸಿಹಾಕುವ ಇ. ಕೋಲಿ ಮಾಂಸದ ಕೋಳಿಗಳಲ್ಲಿ ಶೇ 87, ಮೊಟ್ಟೆ ಕೋಳಿಗಳಲ್ಲಿ ಶೇ 42 ಎಂದು ಅದು ಹೇಳಿತು; ಮೊಟ್ಟೆ ದರಕ್ಕೆ ಹೊಸಪೇಟೆಯೇ ಒಂದು ಕೇಂದ್ರವಾಗಿರುವ ನಮ್ಮ ಭಾಗಕ್ಕೆ ಆ ಎರಡನೆಯ ಅಂಕಿಯೂ ಸಣ್ಣದಲ್ಲ. ಆದರೆ ಫಾರಂಗೆ ಗೋಡೆಯಿದೆ, ಆಸ್ಪತ್ರೆಗೆ ಗೋಡೆಯಿದೆ, ಗದ್ದೆಗೆ ಇಲ್ಲ. ಎಲೆಯಿಂದ ಜಾರಿದ ಹನಿ ನಿಂತ ನೀರಿಗೆ, ಅಲ್ಲಿಂದ ಬಸಿಗಾಲುವೆಗೆ, ಹಳ್ಳಕ್ಕೆ, ಹಗರಿಗೋ ತುಂಗಭದ್ರೆಗೋ ಇಳಿಯುತ್ತದೆ. ಕೊಲ್ಲಲಾರದಷ್ಟು ತೆಳುವಾದ ಔಷಧವೂ ಪ್ರತಿರೋಧ ಉಳ್ಳವುಗಳಿಗೆ ಮೇಲುಗೈ ಕೊಡಬಲ್ಲದು. ಸ್ಟ್ರೆಪ್ಟೋಮೈಸಿನ್ ಈಗ ಮನುಷ್ಯರಿಗೆ ಅಪರೂಪ, ಕೆಟ್ಟರೆ ಕೆಡಲಿ ಎನ್ನುವವರೂ ಇದ್ದಾರೆ. ಅವರು ಮರೆಯುವುದು ಪ್ಲಾಸ್ಮಿಡ್ಡನ್ನು. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವ ಈ ಡಿಎನ್‌ಎ ಉಂಗುರದಲ್ಲಿ ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್, ಸಲ್ಫಾ, ಆಂಪಿಸಿಲಿನ್ ಪ್ರತಿರೋಧಗಳು ಹಲವು ಸಲ ಒಟ್ಟಿಗೇ ಪೋಣಿಸಿಕೊಂಡಿರುತ್ತವೆ. ಒಂದಕ್ಕೆ ಹೊಡೆದರೆ ಉಳಿದವೂ ಬದುಕಿಕೊಳ್ಳುತ್ತವೆ. ರೈತರು ಇದೇ ಟ್ಯಾಂಕಿಗೆ ಬೆರೆಸುವ ಕಾಪರ್ ಆಕ್ಸಿಕ್ಲೋರೈಡ್ ಕೂಡ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಇಂಥದೇ ಕೆಲಸ ಮಾಡುತ್ತದೆ.

ಅನ್ನ ಬೇಯುತ್ತದಲ್ಲ, ಬೆಂದಮೇಲೆ ಯಾವ ರೋಗಾಣು ಉಳಿದೀತು ಎಂಬ ಪ್ರಶ್ನೆ ಇನ್ನೂ ಸಮಂಜಸವಾದದ್ದು. ಅಕ್ಕಿಯ ಮಟ್ಟಿಗೆ ಒಪ್ಪಬೇಕು. ಆದರೆ ಬಳ್ಳಾರಿಯ ಬೆಳಗಿನ ಒಗ್ಗಾಣಿ ತಟ್ಟೆಯನ್ನು ನೋಡಿ. ಬಾಣಲೆಯಿಂದ ಎದ್ದ ಮಂಡಕ್ಕಿ, ಕುದಿಯುವ ಎಣ್ಣೆಯಲ್ಲಿ ಮುಳುಗೆದ್ದ ಮಿರ್ಚಿ: ಎರಡೂ ನಿರ್ಭಯ. ಕೊನೆಗೆ ಮೇಲೆ ಉದುರುವ ಹಸಿ ಈರುಳ್ಳಿ, ಕೊತ್ತಂಬರಿ ಮಾತ್ರ ಬೆಂಕಿ ಕಂಡಿಲ್ಲ. ಅವು ಕಂಡದ್ದು ಹೊಲದ ಮಣ್ಣು, ತೊಳೆದ ನೀರು, ಹೆಚ್ಚಿದ ಕೈ. ಕಾಲುವೆ ನೀರು ಗದ್ದೆಯಲ್ಲಿ ನಿಂತು, ಬಸಿದು, ಮುಂದಿನ ತರಕಾರಿ ಮಡಿಗೆ ಹಾಯುವಾಗ ನಡುವೆ ಊರಿನ ಚರಂಡಿಯೂ ಸೇರಿದರೆ, ಗದ್ದೆಯ ವಂಶವಾಹಿಗೂ ಮಲದ ಇ. ಕೋಲಿಗೂ ಭೇಟಿಯಾಗಲು ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಬಳ್ಳಾರಿ ನಗರ ಕುಡಿಯುವುದೂ ತುಂಗಭದ್ರೆಯ ಕಾಲುವೆಯಿಂದ ಅಲ್ಲೀಪುರ, ಮೋಕಾಗಳ ಕೆರೆಗೆ ತುಂಬಿದ ನೀರನ್ನೇ. ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಸರಿಯಾಗಿ ಹಾಕಿದರೆ.

ಉಳಿದದ್ದು ರೈತನ ಆಕ್ಷೇಪ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ತೂಕದ್ದು. ಎಕರೆಗೆ ಸಾವಿರಾರು ರೂಪಾಯಿ ಸುರಿದವನಿಗೆ ಕಣ್ಣೆದುರು ಗದ್ದೆ ಒಣಗುವಾಗ ಇಂಗ್ಲೆಂಡಿನ ಕ್ಷಯದ ಕಥೆ ಹೇಳಿದರೆ ಏನು ಬಂತು? ಅವನನ್ನು ದೂರುವಂತಿಲ್ಲ. ಅವನಿಗೆ ಆ ಪೊಟ್ಟಣ ಕೊಟ್ಟವರೇ ಬದಲಿಯನ್ನೂ ಕೊಡಬೇಕು, ಬದಲಿ ಇದೆ. ಮಾರುಕಟ್ಟೆಯಲ್ಲಿ ಸೋನಾ ಮಸೂರಿಯ ಹೆಸರಿನಲ್ಲಿ ಓಡುವ ಬಿಪಿಟಿ 5204 ಅಂಗಮಾರಿಗೆ ಸುಲಭದ ತುತ್ತು. ಅದೇ ತಳಿಗೆ ಹೈದರಾಬಾದಿನ ಸಿಸಿಎಂಬಿ ಮತ್ತು ಭತ್ತ ಸಂಶೋಧನಾ ಸಂಸ್ಥೆಗಳು ಮೂರು ನಿರೋಧಕ ವಂಶವಾಹಿಗಳನ್ನು ತಳಿಸಂಕರದಿಂದಲೇ ಕೂಡಿಸಿ, ಸುಧಾರಿತ ಸಾಂಬಾ ಮಸೂರಿ ಎಂಬ ತಳಿಯನ್ನು ಬಿಡುಗಡೆ ಮಾಡಿವೆ. ಆ ಮೂರರಲ್ಲಿ ಒಂದು, ಆಫ್ರಿಕದ ಕಾಡುಭತ್ತದಿಂದ ಬಂದದ್ದು. ಅಂಗಮಾರಿಗೆ ಮುಖ್ಯ ಕುಮ್ಮಕ್ಕು ಕೊಡುವುದು ಅತಿಯಾದ ಯೂರಿಯಾ ಎಂಬುದೂ ಹೊಸ ಮಾತಲ್ಲ. ರೋಗ ಎಲೆಯೊಳಗೆ ಹರಡಿದಮೇಲೆ ಹೊರಗಿಂದ ಹೊಡೆದ ಆಂಟಿಬಯೋಟಿಕ್ ಮಾಡುವುದು ಅಲ್ಪವೇ. ಒಂದು ಚೀಲ ಯೂರಿಯಾ ಕಡಿಮೆ ಮಾಡಿದ್ದಕ್ಕಿಂತ ಹೆಚ್ಚಿನದನ್ನು ಆ ಪೊಟ್ಟಣ ಉಳಿಸಿಕೊಡುತ್ತದೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಇನ್ನೊಂದು ಕೊರತೆ ಕಣ್ಣಿನದು. ಭೇದಿ, ಜ್ವರವೆಂದು ಬಂದ ರೋಗಿಯ ಮಾದರಿಯಲ್ಲಿ ಇ. ಕೋಲಿಯೋ ಸಾಲ್ಮೊನೆಲ್ಲಾವೋ ಬೆಳೆದರೆ, ವೈದ್ಯರು ಕೊಡಬಹುದಾದ ಔಷಧಗಳಿಗಷ್ಟೇ ಅದು ಜಗ್ಗುತ್ತದೆಯೇ ಎಂದು ಲ್ಯಾಬ್ ನೋಡುತ್ತದೆ. ಸ್ಟ್ರೆಪ್ಟೋಮೈಸಿನ್ ಸಾಮಾನ್ಯವಾಗಿ ಆ ಪಟ್ಟಿಯಲ್ಲಿರುವುದಿಲ್ಲ. ಹಾಗಾಗಿ ಗದ್ದೆಯ ಗುರುತು ಆಸ್ಪತ್ರೆಯ ಚೀಟಿಯಲ್ಲಿ ಮೂಡುವುದೇ ಇಲ್ಲ. ವೈದ್ಯಕೀಯ ಕಾಲೇಜು ಬಳ್ಳಾರಿಯಲ್ಲಿದೆ, ಕೃಷಿ ಸಂಶೋಧನಾ ಕೇಂದ್ರ ಸಿರುಗುಪ್ಪದಲ್ಲಿದೆ, ನಡುವೆ ಅರವತ್ತು ಕಿಲೋಮೀಟರಿನಷ್ಟು ದಾರಿ. ಕುರುಗೋಡಿನ ಕಡೆ ಕೆಳಮಟ್ಟದ ಕಾಲುವೆಯ ಒಂದು ಬಾಟಲಿ ನೀರು, ಸಿರುಗುಪ್ಪದ ಬಸಿಗಾಲುವೆಯದು ಇನ್ನೊಂದು, ಬಳ್ಳಾರಿ ಮಾರುಕಟ್ಟೆಯ ಒಂದು ಕಟ್ಟು ಕೊತ್ತಂಬರಿ: ಹಂಗಾಮಿಗೆ ಮೊದಲು ಒಮ್ಮೆ, ಎಣ್ಣೆ ಹೊಡೆದ ಮೇಲೆ ಒಮ್ಮೆ. ಮೂರರಲ್ಲೂ ಆ ಎಸ್‌ಟಿಆರ್‌ ಜೋಡಿಯನ್ನು ಹುಡುಕಲು ಬೇಕಾದ ಪಿಸಿಆರ್ ಯಂತ್ರದ ಪರಿಚಯ ಕೋವಿಡ್ ಬಂದಾಗಿನಿಂದ ಜಿಲ್ಲೆ ಜಿಲ್ಲೆಗೂ ಇದೆ.