ಅಂಗೋರಾ ಮೊಲದ ಸಾಕಣೆಯೂ ಅದರ ಉಣ್ಣೆಯೂ

ಮೊಲವನ್ನು ಸಾಕಿ ಉಣ್ಣೆ ತೆಗೆಯುವುದೆಂದರೆ ನಮ್ಮ ರೈತರಿಗೆ ಹಾಸ್ಯದ ಮಾತಿನಂತೆ ತೋರಬಹುದು. ಉಣ್ಣೆಯೆಂದರೆ ಕುರಿ, ಕುರಿಯೆಂದರೆ ಕಂಬಳಿ ಎಂದು ತಿಳಿದು ಬೆಳೆದವರು ನಾವು. ಆದರೂ ಅಂಗೋರಾ ಎಂಬ ಜಾತಿಯ ಮೊಲದ ಉಣ್ಣೆಗೆ ಕಂಬಳಿಯ ಉಣ್ಣೆಗಿಂತ ಅನೇಕ ಪಾಲು ಹೆಚ್ಚಿನ ಬೆಲೆಯುಂಟೆಂಬುದನ್ನು ಕೇಳಿ, ಅದನ್ನು ತಮ್ಮ ಜಮೀನಿನಲ್ಲಿ ಸಾಕಬಹುದೇ ಎಂದು ವಿಚಾರಿಸುವ ಜಮೀನುದಾರರು ಇದ್ದಾರೆ. ಊರಿನ ಯಜಮಾನರು ಹೊಸ ಕಸಬೊಂದಕ್ಕೆ ಕೈಹಾಕಿದರೆ ಹತ್ತು ಮನೆಯವರು ಸಾಲ ಮಾಡಿಯಾದರೂ ಅವರನ್ನು ಅನುಸರಿಸುವುದು ರೂಢಿ. ಆದುದರಿಂದ ಲಾಭವನ್ನು ಹೇಳುವಷ್ಟೇ ಸ್ಪಷ್ಟವಾಗಿ ಇದರ ತೊಡಕನ್ನೂ ಇಲ್ಲಿ ಹೇಳಬೇಕಾಗಿದೆ.

ತುರ್ಕಿ ದೇಶದ ರಾಜಧಾನಿಯಾದ ಅಂಕಾರಾ ಪಟ್ಟಣಕ್ಕೆ ಹಿಂದೆ ಅಂಗೋರಾ ಎಂಬ ಹೆಸರಿತ್ತು. ಆ ಹೆಸರೇ ಈ ಮೊಲಕ್ಕೆ ಬಂದಿದೆ. ಅದೇ ಹೆಸರಿನ ಆಡೂ ಒಂದುಂಟು. ಅದರ ಕೂದಲನ್ನು ಮೊಹೇರ್ ಎನ್ನುತ್ತಾರೆ. ಇವೆರಡನ್ನೂ ಒಂದೆಂದು ಭಾವಿಸತಕ್ಕದ್ದಲ್ಲ. ನಮ್ಮ ಹೊಲಗಳಲ್ಲಿ ಓಡಾಡುವ ಕಾಡುಮೊಲವಾದರೋ ಬೇರೆಯೇ ಪ್ರಾಣಿ. ಅದರ ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲುಳ್ಳವಾಗಿ ಕಣ್ಣು ತೆರೆದಿರುತ್ತವೆ. ಸಾಕುಮೊಲದ ಮರಿಗಳು ಬತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ. ಇವೆರಡಕ್ಕೂ ಕೂಡಿಕೆಯಾಗಿ ಸಂತಾನವಾಗುವುದಿಲ್ಲ. ಕಾಡುಮೊಲವನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂಬುದನ್ನೂ ಜ್ಞಾಪಿಸುತ್ತೇವೆ.

ಅಂಗೋರಾ ಉಣ್ಣೆಯ ಎಳೆಯ ದಪ್ಪವು ಸಾಮಾನ್ಯವಾಗಿ 12ರಿಂದ 16 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ದಖನಿ ಕುರಿಯ ಉಣ್ಣೆಯು 30 ಮೈಕ್ರಾನನ್ನು ಮೀರುವ ಒರಟು ಉಣ್ಣೆ. ಮೊಲದ ಎಳೆಯ ಒಳಗೆ ಗಾಳಿ ತುಂಬಿದ ಪೊಳ್ಳುಗಳಿರುವುದರಿಂದ ಅದು ಬಹಳ ಹಗುರವಾಗಿಯೂ ಬೆಚ್ಚಗಾಗಿಯೂ ಇರುವುದು. ಎಳೆ ನುಣುಪಾದುದರಿಂದ ಅದೊಂದನ್ನೇ ನೂತರೆ ಜಾರಿ ಉದುರುತ್ತದೆ. ಆದಕಾರಣ ಕುರಿಯ ಉಣ್ಣೆಯೊಡನೆ ಬೆರೆಸಿ ನೂಲುವುದು ವಾಡಿಕೆ. ಜಿಡ್ಡು ಅತ್ಯಲ್ಪವಾಗಿರುವ ಕಾರಣ ಕುರಿಯ ಉಣ್ಣೆಯಂತೆ ಇದನ್ನು ನೂಲುವ ಮೊದಲು ತೊಳೆಯಬೇಕಾದುದಿಲ್ಲ; ತೊಳೆದು ತೂಕ ಕಳೆಯುವ ಪ್ರಮೇಯವೂ ಇಲ್ಲ.

ಇಷ್ಟು ಗುಣವುಳ್ಳ ಪ್ರಾಣಿಗೆ ಸೆಕೆಯೇ ದೊಡ್ಡ ಶತ್ರು. ಮೊಲ ಬೆವರುವುದಿಲ್ಲ, ಮೈಯ ಕಾವನ್ನು ಬಹುಮಟ್ಟಿಗೆ ಕಿವಿಗಳ ಮೂಲಕವೂ ಉಸಿರಾಟದಿಂದಲೂ ಕಳೆದುಕೊಳ್ಳಬೇಕು. ಅಂಗೋರಾ ಮೊಲಕ್ಕಾದರೋ ಹಗಲಿರುಳೂ ಕಂಬಳಿ ಹೊದ್ದಂತಿರುವ ಮೈ. ಉಷ್ಣತೆಯು 30 ಡಿಗ್ರಿಯನ್ನು ಮೀರಿತೆಂದರೆ ಅದು ಮೇವು ಬಿಟ್ಟು ಏದುಸಿರು ಬಿಡುತ್ತದೆ. ಗಂಡುಗಳು ಕೆಲವು ವಾರಗಳವರೆಗೆ ಬೀಜಶಕ್ತಿ ಕಳೆದುಕೊಳ್ಳುವುದೂ ಉಂಟು. ನಮ್ಮ ದೇಶದಲ್ಲಿ ಈ ಕಸಬು ನೆಲೆಯೂರಿರುವುದು ಹಿಮಾಲಯದ ತಪ್ಪಲಿನಲ್ಲಿ ಎಂಬುದಕ್ಕೆ ಇದೇ ಕಾರಣ. 1962ರಲ್ಲಿ ರಾಜಸ್ಥಾನದಲ್ಲಿ ಸ್ಥಾಪಿತವಾದ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ಅಂಗೋರಾ ಮೊಲದ ಕೆಲಸವನ್ನು ರಾಜಸ್ಥಾನದ ಬಿಸಿಲಿನಲ್ಲಿ ಮಾಡದೆ, ಹಿಮಾಚಲ ಪ್ರದೇಶದ ಕುಲ್ಲು ಕಣಿವೆಯ ಗಡ್ಸಾ ಎಂಬಲ್ಲಿನ ತನ್ನ ಶಾಖೆಯಲ್ಲಿ ಇಟ್ಟುಕೊಂಡಿತು. ಆ ಕಣಿವೆಯಲ್ಲಿ ಶಾಲು ನೇಯುವ ಮನೆಗಳು ಮೊದಲಿನಿಂದಲೂ ಇದ್ದುದರಿಂದ ಉಣ್ಣೆಗೆ ಕೊಳ್ಳುವವರು ಹತ್ತಿರದಲ್ಲೇ ಸಿಕ್ಕರು.

ನಮ್ಮ ಬಯಲುಸೀಮೆಯ ಜಿಲ್ಲೆಗಳಲ್ಲಿ ಇದನ್ನು ಸಾಕುವ ಯೋಚನೆಯನ್ನು ಬಿಡುವುದೇ ಮೇಲು. ಮಡಿಕೇರಿಯ ಸುತ್ತಣ ಬೆಟ್ಟಗಳು, ಬಾಬಾಬುಡನ್‌ಗಿರಿಯ ಮೇಲಣ ತೋಟಗಳು ಮುಂತಾದ ಎತ್ತರದ ಪ್ರದೇಶದವರು ಮಾತ್ರ ವಿಚಾರಿಸಿ ನೋಡಬಹುದು. ಅಲ್ಲಿಯೂ ಮುಂಗಾರಿನ ತಿಂಗಳುಗಳ ತೇವ ಒಂದು ತೊಡಕು. ಒದ್ದೆಯಾದ ಉಣ್ಣೆ ಗಂಟುಗಟ್ಟಿ ಜಮಖಾನದಂತಾಗುತ್ತದೆ. ತೇವದ ಗೂಡಿನಲ್ಲಿ ಮರಿಗಳಿಗೆ ಕಾಕ್ಸಿಡಿಯೋಸಿಸ್ ಎಂಬ ಭೇದಿ ಹತ್ತಿ ಅನೇಕವು ಸಾಯುತ್ತವೆ. ಮಲೆನಾಡು ತಂಪಾಗಿದೆ ಎಂಬುದೊಂದನ್ನೇ ನೆಚ್ಚಿ ಹೊರಡತಕ್ಕದ್ದಲ್ಲ.

ಸಾಕುವ ಕ್ರಮವು ಕಷ್ಟವಾದುದೇನೂ ಅಲ್ಲ, ಆದರೆ ದಿನ ತಪ್ಪಿಸುವಂತಿಲ್ಲ. ಒಂದೊಂದು ದೊಡ್ಡ ಮೊಲಕ್ಕೂ ಒಂದೊಂದು ತಂತಿಯ ಗೂಡು ಬೇಕು. ಕೂಡಿಹಾಕಿದರೆ ಕಾದಾಡಿ ಉಣ್ಣೆ ಕೆಡಿಸುತ್ತವೆ. ಹಿಕ್ಕೆಯೂ ಮೂತ್ರವೂ ಕೆಳಗೆ ಬೀಳುವಂತೆ ತಂತಿಯ ನೆಲವಿರಬೇಕು, ಪಾದ ಹುಣ್ಣಾಗದಂತೆ ಕೂರಲು ಒಂದು ಹಲಗೆಯನ್ನೂ ಇಡಬೇಕು. ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಬೇಕೇ ಹೊರತು ಗಂಡನ್ನು ಹೆಣ್ಣಿನ ಗೂಡಿಗೆ ಬಿಡಬಾರದು. ಗರ್ಭವು ಸುಮಾರು 31 ದಿನ. ಹಿಂಡಿಯಲ್ಲಿ ಬೂಷ್ಟು ಕಂಡರೆ, ಅದರಲ್ಲಿಯೂ ಕಡಲೆಕಾಯಿ ಹಿಂಡಿಯಲ್ಲಿ ಕಂಡರೆ, ದನಕ್ಕೆ ಹಾಕುವ ಯೋಚನೆಯನ್ನೂ ಮಾಡದೆ ಎಸೆಯತಕ್ಕದ್ದು. ಅದರ ವಿಷಕ್ಕೆ ಮೊಲಗಳು ಬಹು ಬೇಗ ಬಲಿಯಾಗುತ್ತವೆ.

ಮೈ ನೆಕ್ಕಿಕೊಳ್ಳುವಾಗ ನುಂಗಿದ ಕೂದಲು ಹೊಟ್ಟೆಯಲ್ಲಿ ಉಂಡೆಯಾಗುವುದು ಈ ಜಾತಿಗೆ ವಿಶೇಷವಾದ ಕೇಡು. ಬೆಕ್ಕು ಅಂತಹ ಉಂಡೆಯನ್ನು ಕಕ್ಕಿಬಿಡುತ್ತದೆ. ಮೊಲಕ್ಕೆ ಕಕ್ಕುವ ಶಕ್ತಿಯಿಲ್ಲ. ಹಿಕ್ಕೆಗಳು ಕೂದಲಿನ ಎಳೆಯಲ್ಲಿ ಮಣಿಸರದಂತೆ ಪೋಣಿಸಿಕೊಂಡು ಬೀಳತೊಡಗಿದರೆ ಅದೇ ಮುನ್ಸೂಚನೆ. ವಾರಕ್ಕೊಂದು ದಿನ ಹಿಂಡಿ ನಿಲ್ಲಿಸಿ ಒಣಹುಲ್ಲು ನೀರುಗಳನ್ನು ಮಾತ್ರ ಕೊಡುವುದೂ, ಕತ್ತರಿಸುವ ದಿನವನ್ನು ಮೀರಿ ಉಣ್ಣೆಯನ್ನು ಬೆಳೆಯಗೊಡದಿರುವುದೂ ಇದಕ್ಕೆ ತಕ್ಕ ಎಚ್ಚರಿಕೆಗಳು.

ಉಣ್ಣೆಯನ್ನು 75ರಿಂದ 90 ದಿನಗಳಿಗೊಮ್ಮೆ ಕತ್ತರಿಸಬೇಕು. ಮೊದಲು ಬಾಚಿ, ಬೆನ್ನಿನ ಉದ್ದಕ್ಕೂ ಬೈತಲೆ ತೆಗೆದು, ಮೊಂಡುತುದಿಯ ಕತ್ತರಿಯಿಂದ ಚರ್ಮಕ್ಕೆ ಸಮೀಪವಾಗಿ ಒಂದೇ ಸಲ ಕತ್ತರಿಸತಕ್ಕದ್ದು. ಉಣ್ಣೆಯನ್ನು ಮೇಲಕ್ಕೆಳೆದರೆ ತೆಳುವಾದ ಚರ್ಮವೂ ಮೇಲೆದ್ದು ಕತ್ತರಿಗೆ ಸಿಗುತ್ತದೆ. ಹೆಣ್ಣಿನ ಹೊಟ್ಟೆಯ ಭಾಗದಲ್ಲಿ ಮೊಲೆತೊಟ್ಟುಗಳಿಗೆ ಗಾಯವಾಗದಂತೆ ಬಹಳ ಜೋಕೆ ಬೇಕು. ಉದ್ದವಾದ ಶುಭ್ರ ಉಣ್ಣೆ, ಗಿಡ್ಡ ಉಣ್ಣೆ, ಗಂಟು ಬಿದ್ದುದು, ಕೊಳೆಯಾದುದು ಇವನ್ನು ಕತ್ತರಿಸುವಾಗಲೇ ಬೇರೆಬೇರೆ ಇಡದಿದ್ದರೆ ಎಲ್ಲಕ್ಕೂ ಕೀಳು ಬೆಲೆಯೇ ಸಿಗುವುದು. ಕತ್ತರಿಸಿದ ಕೆಲವು ದಿನ ಮೊಲವನ್ನು ಚಳಿಗಾಳಿಗೆ ಒಡ್ಡಬಾರದು. ಸೆಕೆಗೆ ಅಂಜುವ ಪ್ರಾಣಿ ಆಗ ಚಳಿಗೆ ಸಾಯುತ್ತದೆ!

ಇನ್ನು ಲೆಕ್ಕಕ್ಕೆ ಬರೋಣ. ಆಯ್ದ ಜರ್ಮನ್ ತಳಿಯ ಮೊಲಗಳು ತಮ್ಮ ದೇಶದಲ್ಲಿ ವರ್ಷಕ್ಕೆ 1 ಕಿಲೋ ಮೀರಿ ಉಣ್ಣೆ ಕೊಡುವುದುಂಟು. ಹೊಸದಾಗಿ ಕಲಿಯುವವನು ಅಷ್ಟನ್ನು ಎಣಿಸದೆ 600 ಗ್ರಾಂ ಎಂದಿಟ್ಟುಕೊಳ್ಳಲಿ. ದಿನಕ್ಕೆ 150 ಗ್ರಾಂ ಹಿಂಡಿ ಧಾನ್ಯಗಳ ಮಿಶ್ರಣವೆಂದರೆ ಒಂದು ಮೊಲಕ್ಕೆ ವರ್ಷಕ್ಕೆ ಸುಮಾರು 55 ಕಿಲೋ. 20 ಮೊಲಗಳಿಂದ 12 ಕಿಲೋ ಉಣ್ಣೆ ಬರುವುದು. ಅವು ತಿನ್ನುವುದು ಹತ್ತಿರಹತ್ತಿರ 11 ಕ್ವಿಂಟಲ್. ಎಂದರೆ ಒಂದು ಕಿಲೋ ಉಣ್ಣೆಯ ಹಿಂದೆ 90 ಕಿಲೋವಿಗೂ ಮೇಲ್ಪಟ್ಟ ಮಿಶ್ರಣವಿದೆ. ಹುಲ್ಲು, ಕುದುರೆಮಸಾಲೆ ಸೊಪ್ಪು, ಗೂಡು, ಆಳಿನ ಕೂಲಿ, ಸತ್ತ ಮರಿಗಳ ನಷ್ಟ ಇವು ಬೇರೆ. ತಮ್ಮ ಊರಿನ ಈ ದಿನದ ಧಾರಣೆಯನ್ನು ಹಾಕಿ ಪ್ರತಿಯೊಬ್ಬರೂ ಇದನ್ನು ಗುಣಿಸಿ ನೋಡಬಹುದು. ಮನೆಯ ಹೆಂಗಸರು ಬಿಡುವಿನಲ್ಲಿ ನೋಡಿಕೊಳ್ಳುತ್ತಾರೆಂದು ಕೂಲಿಯನ್ನು ಲೆಕ್ಕದಿಂದ ಬಿಡುವವರಿದ್ದಾರೆ. ಇದು ತಪ್ಪು ಲೆಕ್ಕ.

ಮಾರಾಟದ ವಿಷಯವೂ ಸುಲಭವಲ್ಲ. ಪ್ರಪಂಚದ ಅಂಗೋರಾ ಉಣ್ಣೆಯಲ್ಲಿ ಬಹುಪಾಲು ಚೀನಾ ದೇಶದ್ದು. ಅಲ್ಲಿ ಜೀವಂತ ಮೊಲಗಳ ಕೂದಲನ್ನು ಕಿತ್ತು ಹಿಂಸಿಸುವ ಚಲಚ್ಚಿತ್ರವೊಂದು 2013ರಲ್ಲಿ ಪ್ರಕಟವಾಗಿ, ಯೂರೋಪಿನ ಅನೇಕ ದೊಡ್ಡ ಬಟ್ಟೆಯಂಗಡಿಗಳು ಅಂಗೋರಾ ಸರಕನ್ನೇ ನಿಲ್ಲಿಸಿದವು. ಕತ್ತರಿಯಿಂದ ನೋವಿಲ್ಲದೆ ತೆಗೆದವರ ಉಣ್ಣೆಗೂ ಆ ಅಪಕೀರ್ತಿ ತಗಲಿತು. ಮರಿಗಳನ್ನು ಮಾರಿ “ಉಣ್ಣೆಯನ್ನು ನಾವೇ ಕೊಳ್ಳುತ್ತೇವೆ” ಎಂದು ಹೇಳುವವರಿಂದ, ಯಾವ ದರ್ಜೆಗೆ ಎಷ್ಟು ಬೆಲೆ, ಎಷ್ಟು ವರ್ಷ, ಹಣ ಎಂದು ಬರುವುದು ಎಂಬಿಷ್ಟನ್ನೂ ಬರಹದಲ್ಲಿ ಪಡೆಯದೆ ಮುಂಗಡ ಕೊಡಬಾರದು. ಅವರು ಇದುವರೆಗೆ ಯಾರಿಂದ ಕೊಂಡಿದ್ದಾರೆಂದು ವಿಚಾರಿಸಿ, ಆ ರೈತರನ್ನು ಖುದ್ದಾಗಿ ಕಂಡು ಬರುವುದು ಯಜಮಾನರಿಗೆ ಒಂದು ದಿನದ ಕೆಲಸ.

ಇಷ್ಟಾದ ಮೇಲೂ ಮನಸ್ಸಿರುವ ಎತ್ತರದ ಸೀಮೆಯವರು ಒಂದು ಗಂಡು, ಮೂರು ಹೆಣ್ಣುಗಳಿಗಿಂತ ಹೆಚ್ಚು ತರಬಾರದು. ಮಳೆ ನಿಂತ ಬಳಿಕ, ಕಾರ್ತಿಕದ ಸುಮಾರಿಗೆ ತಂದು, ಗೂಡಿನ ಪಕ್ಕದಲ್ಲಿ ಉಷ್ಣಮಾಪಕವೊಂದನ್ನು ತೂಗುಹಾಕಿ, ಪ್ರತಿದಿನ ಮಧ್ಯಾಹ್ನದ ಉಷ್ಣತೆಯನ್ನೂ, ತಿಂದ ಮೇವನ್ನೂ, ಪ್ರತಿ ಕತ್ತರಿಕೆಯ ಉಣ್ಣೆಯ ತೂಕವನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಮುಂದಿನ ಬೇಸಗೆಯನ್ನೂ ಮುಂಗಾರನ್ನೂ ಆ ನಾಲ್ಕು ಮೊಲಗಳು ದಾಟುವವರೆಗೆ ಐದನೆಯ ಮೊಲವನ್ನು ಕೊಳ್ಳತಕ್ಕದ್ದಲ್ಲ.